ಬ್ರೇಕ್ ಗಂಗುಲಪ್ಪ ಕಾರು ನೋಡಿದ್ದು

ವಕ್ಕಲೇರಿಯಲ್ಲಿ ಗಂಗುಲಪ್ಪ ಎಂಬ ಹೆಸರಿನವರು ಮೂವರಿದ್ದಾರೆ. ದೇವರ ದಯೆಯಿಂದ ಮೂವರೂ ಚೆನ್ನಾಗಿಯೇ ಇದ್ದಾರೆ. ಒಬ್ಬನ ಮನೆ ಕೆರೆ ಏರಿಯ ಮಗ್ಗುಲಲ್ಲಿರುವುದರಿಂದ ಅವನು ಏರಿ ಗಂಗುಲಪ್ಪ. ಇನ್ನೊಬ್ಬ ಏಳು ಕಡೆ ಬೋರು ಕೊರೆಸಿ ಎಂಟನೆಯದರಲ್ಲಿ ನೀರು ಕಂಡವನಾದ್ದರಿಂದ ಬೋರ್ ಗಂಗುಲಪ್ಪ. ನಮ್ಮ ಕಥೆಯವನು ಮೂರನೆಯವನು, ಬ್ರೇಕ್ ಗಂಗುಲಪ್ಪ.

ವೇಮಗಲ್ಲಿನ ಕಡೆ ಗಾಡಿಗಳ ಬ್ರೇಕಿಗೆ ಲೈನಿಂಗ್ ಮಾಡುವ ಒಂದು ಫ್ಯಾಕ್ಟರಿ ಇತ್ತು. ಗಂಗುಲಪ್ಪ ಅಲ್ಲಿ ಹನ್ನೊಂದು ವರ್ಷ ದುಡಿದ. ಅಲ್ಲಿ ಏನು ಕೆಲಸ ಎಂದು ಊರಿನವರು ಕೇಳಲಿಲ್ಲ. ಕೇಳದಿದ್ದುದನ್ನು ತಾನಾಗಿ ಹೇಳಿಕೊಳ್ಳುವ ಜಂಬದ ಮನುಷ್ಯ ಅವನಲ್ಲ. ನಿಜವೇನೆಂದರೆ ಅವನು ಗೇಟಿನಲ್ಲಿದ್ದ. ಲಾರಿಗಳ ನಂಬರು ಬರೆದುಕೊಳ್ಳುವುದು, ಸಂಜೆ ಮನೆಗೆ ಹೊರಟವರ ಊಟದ ಡಬ್ಬಿ ತೆಗೆಸಿ ನೋಡುವುದು, ಇಷ್ಟೇ ಕೆಲಸ. ಒಳಗೆ ಬ್ರೇಕು ಹೇಗೆ ತಯಾರಾಗುತ್ತದೆಂದು ಅವನು ಕಂಡದ್ದು ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ, ಅದೂ ಮಷೀನುಗಳನ್ನೆಲ್ಲ ನಿಲ್ಲಿಸಿ ಬಾಳೆಕಂದಿನ ಮರೆಯಲ್ಲಿ ಇಟ್ಟಿದ್ದಾಗ.

ಹೀಗಿರುವಾಗ ಒಂದು ಬೆಳಗ್ಗೆ ದನದ ವ್ಯಾಪಾರಿ ಚನ್ನರಾಯಪ್ಪನ ಸ್ಕೂಟರು ನಿಲ್ಲಬೇಕಾದ ಕಡೆ ನಿಲ್ಲದೆ ಡೈರಿಯ ಮುಂದಿನ ಹಾಲಿನ ಕ್ಯಾನಿಗೆ ಗುದ್ದಿತು. ಚನ್ನರಾಯಪ್ಪ ಎದ್ದು ಪಂಚೆ ಕೊಡವಿಕೊಳ್ಳುತ್ತ, "ಏ ಗಂಗುಲಪ್ಪಾ, ಬ್ರೇಕ್ ಫ್ಯಾಕ್ಟ್ರಿಯೋನಲ್ವೇನಯ್ಯ ನೀನು? ನೋಡು ಸ್ವಲ್ಪ" ಎಂದ. ಗಂಗುಲಪ್ಪ ಬ್ರೇಕಿನ ಹಿಡಿಯನ್ನು ಎರಡು ಸಲ ಒತ್ತಿದ, ಒಂದು ಸಲ ಆಕಾಶ ನೋಡಿದ, "ಲೈನಿಂಗ್ ಹೋಗಿದೆ" ಎಂದ. ದೇವರ ಮಹಿಮೆ, ಅದೇ ನಿಜವಾಯಿತು. ಅಲ್ಲಿಂದ ಮುಂದೆ ಊರಿನಲ್ಲಿ ಯಾವ ಗಾಡಿ ಕೆಟ್ಟರೂ ಗಂಗುಲಪ್ಪನನ್ನು ಕರೆಯುವುದು, ಅವನು ಆಕಾಶ ನೋಡಿ ಲೈನಿಂಗ್ ಹೋಗಿದೆ ಎನ್ನುವುದು ರೂಢಿಯಾಯಿತು. ಚನ್ನರಾಯಪ್ಪನ ಮೊಣಕಾಲು ನೋವಿಗೂ ಅವನು ಅದೇ ಮಾತು ಹೇಳಿದ. ಕೋಲಾರದ ಡಾಕ್ಟರು ಫೋಟೋ ತೆಗೆಸಿ ನೋಡಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಗೇಟಿನ ಸತ್ಯ ಗೊತ್ತಿದ್ದದ್ದು ಹೆಂಡತಿ ಶಾಮಲಮ್ಮನಿಗೆ ಮಾತ್ರ. ಆಕೆ ಗಂಡನ ಮಾನವನ್ನು ಉಪ್ಪಿನಕಾಯಿ ಜಾಡಿಯಂತೆ ಬಟ್ಟೆ ಕಟ್ಟಿ ಜೋಪಾನ ಮಾಡಿದ್ದಳು.

ಇವರಿಗೆ ಒಬ್ಬಳೇ ಮಗಳು, ಗಂಗಾಲಕ್ಷ್ಮಿ. ಅಳಿಯ ಕದಿರೇಶ್ ಕೋಲಾರದ ಬಸ್ ಸ್ಟ್ಯಾಂಡಿನ ಹಿಂದೆ ಫೋಟೋ ಸ್ಟುಡಿಯೋ ಇಟ್ಟವನು. ಒಳ್ಳೆಯ ಹುಡುಗ, ಕುಡಿಯುವುದಿಲ್ಲ, ಹೆಂಡತಿಯನ್ನು ಗದರುವುದಿಲ್ಲ. ಒಂದೇ ಕೊರತೆ. ಮದುವೆಯಾಗಿ ಮೂರು ವರ್ಷವಾದರೂ ಗಂಗುಲಪ್ಪನನ್ನು ಒಮ್ಮೆಯೂ ಮಾವ ಎಂದವನಲ್ಲ. ಫೋಟೋ ತೆಗೆಸಿಕೊಳ್ಳುವವರನ್ನೆಲ್ಲ ಸಾರ್ ಎಂದು ಕರೆದು ಕರೆದು ಅವನ ನಾಲಗೆ ಹಾಗೇ ಒಗ್ಗಿಹೋಗಿತ್ತು. ತನ್ನ ಧಾರೆಯ ಹೊತ್ತಿನಲ್ಲೂ ಹಸೆಮಣೆಯ ಮೇಲಿಂದ, "ಸಾರ್, ನೀರು ಸ್ವಲ್ಪ ನಿಧಾನಕ್ಕೆ ಬಿಡಿ. ಕ್ಯಾಮೆರಾ ಕಡೆ ನೋಡಿ ಸಾರ್" ಎಂದಿದ್ದ. ಕನ್ಯಾದಾನ ಮಾಡಿದವನು ಸಾರ್ ಎನ್ನಿಸಿಕೊಂಡು ಕ್ಯಾಮೆರಾ ನೋಡಿ ಹಲ್ಲು ಕಿರಿದ ಆ ಫೋಟೋ ಇವತ್ತಿಗೂ ನಡುಮನೆಯಲ್ಲಿದೆ. ಗಂಗುಲಪ್ಪ ಆ ಗೋಡೆಯ ಕಡೆ ಬೆನ್ನು ಹಾಕಿಯೇ ಊಟಕ್ಕೆ ಕೂರುತ್ತಾನೆ.

ಅಂಥ ಅಳಿಯ ಮೊನ್ನೆ ಮಾವಿನ ಸುಗ್ಗಿಯಲ್ಲಿ ಫೋನು ಮಾಡಿದ.

"ಮಾವಾ..."

ಗಂಗುಲಪ್ಪ ಫೋನನ್ನು ಕಿವಿಯಿಂದ ತೆಗೆದು ನಂಬರು ನೋಡಿದ. ಸರಿಯಾದ ನಂಬರೇ.

"ಮಾವಾ, ಶ್ರೀನಿವಾಸಪುರದ ಹತ್ರ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಇದೆ, ಕೆಂಪುದು. ಈಗೆಲ್ಲ ಮದುವೆಗೆ ಮುಂಚೆ ಹುಡುಗ ಹುಡುಗಿ ಅಂತರಗಂಗೆ ಬೆಟ್ಟದ ಕೆಳಗೆ ಅಂಥ ಕಾರಿಗೆ ಒರಗಿ ನಿಂತ್ಕೊಂಡು ಫೋಟೋ ತೆಗೆಸ್ಕೋಬೇಕು ಅಂತಾರೆ. ಪ್ರತಿ ಸಲ ಬೆಂಗಳೂರಿಂದ ತರಿಸಕ್ಕಾಗಲ್ಲ. ನಂದೇ ಒಂದಿದ್ರೆ ಸ್ಟುಡಿಯೋ ನಿಲ್ಲುತ್ತೆ. ಆದ್ರೆ ಇಂಥ ಕಾರಲ್ಲಿ ಬ್ರೇಕೇ ಮುಖ್ಯ ಅಂತಾರೆ ಎಲ್ರೂ. ಬ್ರೇಕ್ ವಿಷಯ ನಮ್ಮ ಕಡೇಲಿ ನಿಮ್ಮಷ್ಟು ತಿಳ್ಕೊಂಡೋರು ಯಾರಿದಾರೆ? ಭಾನುವಾರ ನೀವೇ ಬಂದು ನೋಡ್ಬೇಕು. ನೀವು ಹೂಂ ಅಂದ್ರೆ ಹೂಂ."

ಇಷ್ಟು ಮಾತಿನಲ್ಲಿ ಗಂಗುಲಪ್ಪನಿಗೆ ಕೇಳಿಸಿದ್ದು ಮೊದಲನೆಯ ಮಾತು ಮಾತ್ರ. "ಬರ್ತೀನಪ್ಪ" ಎಂದ. ಫೋನು ಇಟ್ಟ ಮೇಲೆ ಮಿಕ್ಕದ್ದು ಒಂದೊಂದಾಗಿ ಕಿವಿಗೆ ಇಳಿಯಿತು.

ಶಾಮಲಮ್ಮ ಹಿಪ್ಪುನೇರಳೆ ಎಲೆ ಕತ್ತರಿಸುತ್ತಿದ್ದವಳು ಕತ್ತಿ ಕೆಳಗಿಟ್ಟಳು. "ಏನ್ರೀ, ನೀವು ಗೇಟಲ್ಲಿ ಕೂತಿದ್ದೋರು. ಆ ಕಾರಿಗೇನು ಊಟದ ಡಬ್ಬಿ ಇದ್ಯಾ, ತೆಗೆಸಿ ನೋಡಕ್ಕೆ?"

"ಮೆತ್ತಗೆ ಮಾತಾಡೇ. ಮಾವ ಅಂದ ಕಣೇ, ಮಾವ ಅಂದ."

"ಅಂದ, ಸರಿ. ನಾಳೆ ಬ್ರೇಕ್ ಹಿಡೀದೆ ಹೋದ್ರೆ ಏನಂತಾನೆ?"

ಗಂಗುಲಪ್ಪ ಎದ್ದು ಎಲೆಯ ಬುಟ್ಟಿಯನ್ನು ಇಲ್ಲಿಂದ ಅಲ್ಲಿಗೆ ಸರಿಸಿಟ್ಟ.

ಪಕ್ಕದ ಮನೆಯ ಅಂಜಮ್ಮ ಕಾಫಿಪುಡಿ ಕೇಳುವ ನೆವದಲ್ಲಿ ಬಂದು, ಪುಡಿ ಮರೆತು ಸುದ್ದಿ ತೆಗೆದುಕೊಂಡು ಹೋದಳು. ಹಾಲು ಕರೆಯುವ ಹೊತ್ತಿಗೆ ಡೈರಿಯ ಮುಂದೆ ಎಲ್ಲರಿಗೂ ಗೊತ್ತಾಗಿತ್ತು. ಬ್ರೇಕ್ ಗಂಗುಲಪ್ಪ ಗಂಟೆಗೆ ಮುನ್ನೂರು ಕಿಲೋಮೀಟರ್ ಓಡುವ ಕಾರು ನೋಡಲು ಹೋಗುತ್ತಿದ್ದಾನೆ! ಚನ್ನರಾಯಪ್ಪ ಅವನನ್ನು ಪಕ್ಕಕ್ಕೆ ಕರೆದು ತನ್ನ ಮೂವತ್ತು ವರ್ಷದ ಅನುಭವ ಧಾರೆ ಎರೆದ.

"ಕಾರಾದ್ರೇನು, ಎತ್ತಾದ್ರೇನು ಗಂಗುಲಪ್ಪ? ಹೋದ ತಕ್ಷಣ ಮಾತಾಡ್ಬೇಡ. ಕೈ ಹಿಂದೆ ಕಟ್ಕೊಂಡು ಮೂರು ಸುತ್ತು ಸುತ್ತು. ಮೂರನೇ ಸುತ್ತಲ್ಲಿ 'ಹೂಂ...' ಅನ್ನು. ಮಾರೋನಿಗೆ ಅರ್ಧ ಜೀವ ಹೋಗ್ತದೆ."

"ಆಮೇಲೆ?"

"ಆಮೇಲೆ ಹಲ್ಲು ನೋಡು."

ಶನಿವಾರ ಗಂಗುಲಪ್ಪ ಯಾರಿಗೂ ಕಾಣದಂತೆ ಕ್ರಾಸಿನ ಮೆಕ್ಯಾನಿಕ್ ಚಂದ್ರುವಿನ ಬಳಿ ಹೋದ. ಚಂದ್ರು ಮುಳಬಾಗಿಲು ಕಡೆಯವನು. ಅವನ ಕನ್ನಡದಲ್ಲಿ ಅರ್ಧ ತೆಲುಗು, ತೆಲುಗಿನಲ್ಲಿ ಅರ್ಧ ಗ್ರೀಸು. "ನಮ್ಮ ಸ್ನೇಹಿತರೊಬ್ಬರು ಕೇಳ್ತಿದ್ರು" ಎಂದು ಗಂಗುಲಪ್ಪ ಶುರುಮಾಡಿದ. ಚಂದ್ರು ಆ ಸ್ನೇಹಿತನನ್ನು ಕಣ್ಣಲ್ಲೇ ಗುರುತಿಸಿ ಪಾಠ ಶುರುಮಾಡಿದ.

"ಅಣ್ಣಾ, ಅಂಥ ಕಾರಲ್ಲಿ ಚಕ್ರದೊಳಗೆ ತಟ್ಟೆ ತರ ಡಿಸ್ಕ್ ಇರ್ತದೆ. ಅದನ್ನ ಎರಡು ಕಡೆಯಿಂದ ಪ್ಯಾಡ್ ಕಚ್ಚಿ ಹಿಡೀತದೆ. ಪ್ಯಾಡ್ ಅರಿಗಿದ್ರೆ ಯಾರು ಬೇಕಾದ್ರೂ ಹೊಸದು ಹಾಕಿ ಮಾರಿಬಿಡ್ತಾರೆ. ಡಿಸ್ಕ್ ಅರಿಗಿದ್ಯಾ ಅಂತ ನೋಡೋದೇ ಕೆಲಸ. ಅದರ ಅಂಚಲ್ಲಿ ತುಟಿ ಎದ್ದಿದ್ಯಾ ನೋಡ್ಬೇಕು. ತೂತುಗಳ ಸುತ್ತ ಕೂದಲೆಳೆ ಬಿರುಕಿದ್ಯಾ ನೋಡ್ಬೇಕು. ಇಷ್ಟೇ ಅಣ್ಣ."

ಅರಿಗೋದು ಅಂದರೆ ಸವೆಯೋದು. ಆ ಕಡೆಯ ಮೆಕ್ಯಾನಿಕ್ಕುಗಳೆಲ್ಲ ತೆಲುಗಿನ ಆ ಮಾತನ್ನೇ ಆಡುತ್ತಾರೆ. ಗಂಗುಲಪ್ಪನಿಗೂ ಅದು ಹೊಸದಲ್ಲ. ಆದರೆ ಪಾಠ ಹೊಸದು. ಮನೆಗೆ ಬರುವ ಹೊತ್ತಿಗೆ ಅದು ಕುಗ್ಗಿ ಮೂರೇ ಪದವಾಗಿತ್ತು. ತುಟಿ, ತೂತು, ಕೂದಲು. ಯಾವುದು ಎಲ್ಲಿರಬೇಕು, ಯಾವುದು ಇರಬಾರದು ಎನ್ನುವುದು ದಾರಿಯಲ್ಲೇ ಉದುರಿಹೋಗಿತ್ತು.

ಭಾನುವಾರ ಅಳಿಯನ ಬೈಕಿನ ಹಿಂದೆ ಕೂತು ಶ್ರೀನಿವಾಸಪುರದ ದಾರಿಯುದ್ದಕ್ಕೂ ಅವನು ಅದನ್ನೇ ಜಪಿಸಿದ. "ತುಟಿ, ತೂತು, ಕೂದಲು. ತುಟಿ, ತೂತು, ಕೂದಲು."

"ಮಾವಾ, ಯಾವ ಸ್ತೋತ್ರ ಅದು?" ಕದಿರೇಶ್ ಗಾಳಿಯಲ್ಲಿ ಕೂಗಿ ಕೇಳಿದ.

"ಪ್ರಯಾಣದ್ದು ಕಣಪ್ಪ. ನೀನು ಮುಂದೆ ನೋಡು."

ಕಾರಿನ ಯಜಮಾನ ಅಮರನಾಥ್ ಮಾವಿನ ಕಾಯಿಯ ವ್ಯಾಪಾರಿ. ಸುತ್ತಲೂ ತೋಪು, ನಡುವೆ ಮನೆ, ಮನೆಯ ಪಕ್ಕ ಹಣ್ಣು ತುಂಬುವ ಶೆಡ್ಡು. ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಹಣ್ಣು ಆರಿಸುತ್ತಿದ್ದರು. ಒಂದು ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಕಾರು. ಟಾರ್ಪಾಲು ಸರಿಸಿದಾಗ ಆ ಕೆಂಪಿಗೆ ಪಕ್ಕದ ಬುಟ್ಟಿಯ ಹಣ್ಣೆಲ್ಲ ಕಾಯಿಯಂತೆ ಕಂಡವು.

"ಎರಡು ವರ್ಷ ಇಟ್ಕೊಂಡಿದ್ದೆ ಸಾಮಿ. ಈ ರೋಡಿಗೆ ನನಗೆ ಸರಿಹೋಗ್ಲಿಲ್ಲ, ಅದಕ್ಕೆ ಕೊಡ್ತಿದೀನಿ" ಎಂದ ಅಮರನಾಥ್. ಕೋಲು ಮೈಯ, ಬಾಡಿದ ಮುಖದ ಮನುಷ್ಯ.

ಗಂಗುಲಪ್ಪ ಕೈ ಹಿಂದೆ ಕಟ್ಟಿಕೊಂಡು ಸುತ್ತತೊಡಗಿದ. ಮೊದಲ ಸುತ್ತಿನಲ್ಲಿ ಹೆಂಗಸರು ಹಣ್ಣು ಆರಿಸುವುದನ್ನು ನಿಲ್ಲಿಸಿದರು. ಎರಡನೆಯದರಲ್ಲಿ ಅವರ ಮೇಸ್ತ್ರಿ ರಜನಿ, "ಪ್ರದಕ್ಷಿಣೆ ಹಾಕ್ತಾವ್ರೆ, ತೀರ್ಥ ಯಾರು ಕೊಡ್ತೀರಾ?" ಎಂದಳು. ಮೂರನೆಯದರ ಕೊನೆಯಲ್ಲಿ ಗಂಗುಲಪ್ಪ "ಹೂಂ..." ಎಂದ. ಅಮರನಾಥನಿಗೆ ಅರ್ಧ ಜೀವ ಹೋದಂತೇನೂ ಕಾಣಲಿಲ್ಲ. "ಊಟ ಮಾಡ್ಕೊಂಡು ನೋಡಣ ಬನ್ನಿ, ಅಮ್ಮ ಒಬ್ಬಟ್ಟು ಮಾಡವ್ಳೆ" ಎಂದ.

ಅಮರನಾಥನ ತಾಯಿ ಭಾರತಮ್ಮ ಬಡಿಸುವುದಕ್ಕೆ ನಿಂತರೆ, 'ಸಾಕು' ಎನ್ನುವ ಮಾತು ಆಕೆಯ ಕಿವಿಗೆ ಬೀಳುತ್ತಿರಲಿಲ್ಲ. ಒಬ್ಬಟ್ಟು, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮಾವಿನ ಸೀಕರಣೆ. ಊಟವಾಗಿ ಕದಿರೇಶ್ ಕಾರಿನ ಫೋಟೋ ತೆಗೆಯಲು ಶೆಡ್ಡಿಗೆ ಹೋದ. ಅಮರನಾಥ್ ಫೋನು ಹಿಡಿದು ತೋಪಿನ ಕಡೆ ನಡೆದ. ಗಂಗುಲಪ್ಪ ಜಗಲಿಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, ತುಟಿ ತೂತುಗಳನ್ನು ಇನ್ನೊಮ್ಮೆ ನೆನೆಯುತ್ತಿದ್ದ.

ಭಾರತಮ್ಮ ಒಂದು ಲೋಟ ಜೀರಿಗೆ ನೀರು ತಂದಿಟ್ಟು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದಳು. "ಅರಿಗಿಂದಾ ನಾಯನಾ?"

ಗಂಗುಲಪ್ಪ ಬೆಚ್ಚಿ ಎದ್ದು ಕೂತ. ಡಿಸ್ಕಿನ ವಿಷಯ ಈ ತಾಯಿಗೆ ಹೇಗೆ ಗೊತ್ತು? "ಇನ್ನೂ ನೋಡಿಲ್ಲ ತಾಯಿ" ಎಂದ.

"ಚೂಸೇದೇಮಿ? ತೆಲುಸ್ತುಂದಿ ಕದಾ!" ನೋಡುವುದೇನು, ತಾನಾಗಿ ತಿಳಿಯುವುದಿಲ್ಲವೇ ಎಂದು ಆಕೆ ಅಚ್ಚರಿಪಟ್ಟಳು.

ಅನುಭವಿಗಳಿಗೆ ತಿಳಿಯುತ್ತದೆ ಎಂಬ ಆ ಮಾತು ಗಂಗುಲಪ್ಪನ ಎದೆಗೆ ನಾಟಿತು. ಅಷ್ಟರಲ್ಲಿ ಆಕೆ ಇನ್ನೂ ಹತ್ತಿರ ಬಗ್ಗಿ, ಸೆರಗಿನಿಂದ ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು. "ಮಾ ವಾಡಿವಿ ನಾಲುಗೂ ಅರಿಗಿಪೋಯಿನಾಯಿ. ಎವುರಿಕೀ ಚೆಪ್ಪೊದ್ದು."

ನಮ್ಮ ಹುಡುಗನದು ನಾಲ್ಕೂ ಅರಿಗಿಹೋಗಿವೆ. ಯಾರಿಗೂ ಹೇಳಬೇಡಿ!

ಆಕೆ ಇನ್ನೂ ಏನೋ ಹೇಳುವವಳಿದ್ದಳು. ಆದರೆ ಒಳಗೆ ಹಾಲು ಉಕ್ಕಿದ ಸದ್ದಾಗಿ ಓಡಿದಳು. ಗಂಗುಲಪ್ಪ ಜೀರಿಗೆ ನೀರನ್ನು ಕೈಯಲ್ಲಿ ಹಿಡಿದು ಹಾಗೇ ಕೂತ. ಎಂಥ ತಾಯಿ! ಮಗ ಮೋಸದ ಮಾಲು ಮಾರುವುದನ್ನು ನೋಡಲಾರದೆ ಕಣ್ಣೀರು ಹಾಕಿ ನಿಜ ಹೇಳಿದ್ದಾಳೆ. ಆಕೆಯ ಹೆಸರು ಎತ್ತುವಂತಿಲ್ಲ, ಅಳಿಯನನ್ನು ಹಳ್ಳಕ್ಕೆ ಬೀಳಿಸುವಂತೆಯೂ ಇಲ್ಲ. ಹಾಗಾದರೆ ದಾರಿ ಒಂದೇ, ತಾನೇ ಕಂಡುಹಿಡಿದಂತೆ ಮಾಡುವುದು. ಜೀರಿಗೆ ನೀರನ್ನು ಒಂದೇ ಗುಟುಕಿಗೆ ಕುಡಿದು ಅವನು ಶೆಡ್ಡಿಗೆ ನಡೆದ. ಅಷ್ಟು ಧೈರ್ಯದಿಂದ ಅವನು ಯಾವತ್ತೂ ನಡೆದಿರಲಿಲ್ಲ.

"ನಾಲ್ಕೂ ಚಕ್ರ ಬಿಚ್ಚಿಸಿ" ಎಂದ.

ತೋಪಿನಿಂದ ಆಗಷ್ಟೇ ಬಂದ ಅಮರನಾಥ್ ಫೋನು ಕಿವಿಯಿಂದ ತೆಗೆದ. "ಯಾಕ್ ಸಾಮಿ? ಬೆಂಗಳೂರಲ್ಲಿ ಸರ್ವಿಸ್ ಮಾಡ್ಸಿದೀನಿ, ಪ್ಯಾಡೆಲ್ಲ ಹೊಸದು. ಬೇಕಾದ್ರೆ ಒಂದು ರೌಂಡ್ ಹೊಡೀರಿ."

"ರೌಂಡ್ ಆಮೇಲೆ. ನಾಲ್ಕೂ ಬಿಚ್ಚಿಸಿ."

"ಮಾವ ಹೇಳಿದ್ಮೇಲೆ ಬಿಚ್ಚಲೇಬೇಕು ಸಾರ್" ಎಂದು ಕದಿರೇಶ್ ಎದೆಯುಬ್ಬಿಸಿ ನಿಂತ.

ಬಿಚ್ಚುವುದು ಬಾಯಲ್ಲಿ ಹೇಳಿದಷ್ಟು ಸುಲಭವಿರಲಿಲ್ಲ. ಕಾರು ನೆಲಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ ಜಾಕಿ ಅದರ ಕೆಳಗೆ ತೂರಲಿಲ್ಲ. ಮಾವಿನ ಪೆಟ್ಟಿಗೆಯ ಹಲಗೆ ಇಟ್ಟು, ಅದರ ಮೇಲೆ ಕಾರು ಹತ್ತಿಸಿ, ಆಮೇಲೆ ಜಾಕಿ ತೂರಿಸಿ, ಆರು ಜನ ಗಂಡಸರು "ಐಲೇಸಾ" ಎಂದು ಕೂಗಿ, ಹೆಂಗಸರು ಹಣ್ಣು ಬಿಟ್ಟು ಸುತ್ತ ನಿಂತು, ಮುಕ್ಕಾಲು ಗಂಟೆಯ ಮೇಲೆ ನಾಲ್ಕು ಚಕ್ರಗಳೂ ಗೋಡೆಗೆ ಒರಗಿದವು. ಒಳಗಿನ ಡಿಸ್ಕುಗಳು ಬೆಳ್ಳಗೆ ಹೊಳೆದವು.

ಗಂಗುಲಪ್ಪ ಬಗ್ಗಿ ನೋಡಿದ. ಡಿಸ್ಕಿನ ತುಂಬ ತೂತು! ಒಂದಲ್ಲ ಎರಡಲ್ಲ, ಹುಳ ಮೇಯ್ದ ಹಿಪ್ಪುನೇರಳೆ ಎಲೆಯಂತೆ ಸುತ್ತಲೂ ತೂತು.

"ತೂತು!" ಎಂದು ಅವನು ಕೂಗಿದ. "ಕದಿರೇಶಾ, ನೋಡಪ್ಪಾ! ತೂತು ಬೀಳೋವರೆಗೂ ಅರಿಗಿಸಿಬಿಟ್ಟವ್ರೆ!"

ಅಮರನಾಥ್ ಮೆಲ್ಲಗೆ ಕೇಳಿದ. "ಸಾಮಿ, ನೀವು ಬ್ರೇಕ್ ಫ್ಯಾಕ್ಟ್ರಿಯೋರು ತಾನೇ?"

"ಹನ್ನೊಂದು ವರ್ಷ."

"ಅದು ಕಂಪನಿಯೋರೇ ಕೊರೆದಿರೋ ತೂತು ಸಾಮಿ. ಬ್ರೇಕ್ ಕಾಯ್ದಾಗ ಬಿಸಿ ಹೋಗ್ಲಿ ಅಂತ. ತೂತಿರೋದಕ್ಕೇ ಅದಕ್ಕಷ್ಟು ಬೆಲೆ."

"ಅಂಗಾದ್ರೆ ನಮ್ಮನೆ ಜರಡೀನೂ ಕಾರಿಗೆ ಹಾಕ್ಬೋದು ಬಿಡಿ" ಎಂದಳು ರಜನಿ. ಹೆಂಗಸರು ಬಾಯಿಗೆ ಸೆರಗು ತುಂಬಿಕೊಂಡು ನಕ್ಕರು.

ಗಂಗುಲಪ್ಪ ಸೋಲಲಿಲ್ಲ. ಕನ್ನಡಕ ಸರಿಮಾಡಿಕೊಂಡು ಇನ್ನೂ ಬಗ್ಗಿ, ಡಿಸ್ಕನ್ನು ಅತ್ತಿತ್ತ ತಿರುಗಿಸಿ ಹುಡುಕತೊಡಗಿದ.

"ಏನು ಹುಡುಕ್ತಿದೀರಾ ಸಾಮಿ?"

"ಕೂದಲು."

ಆಮೇಲಿನ ನಗೆಯನ್ನು ನಾನು ಬರೆಯುವುದಿಲ್ಲ. ತೋಪಿನ ಗಿಳಿಗಳು ಎದ್ದು ಹಾರಿದವು ಎಂದಷ್ಟೇ ಹೇಳಬಲ್ಲೆ. ಕದಿರೇಶ್ ನಗಲಿಲ್ಲ. ಅವನ ಮುಖ ಸಣ್ಣದಾಗುತ್ತ ಹೋಯಿತು. ತಲೆ ತಗ್ಗಿಸಿ ಹತ್ತಿರ ಬಂದು ಮೆಲ್ಲಗೆ, "ಸಾರ್, ಏಳಿ. ಹೊರಡೋಣ" ಎಂದ.

ಸಾರ್!

ಆ ಒಂದು ಮಾತಿಗೆ ಗಂಗುಲಪ್ಪನ ಒಳಗಿನ ಕಟ್ಟೆ ಒಡೆಯಿತು. ತಾಯಿಗೆ ಮನಸ್ಸಿನಲ್ಲೇ ಕೊಟ್ಟಿದ್ದ ಮಾತೂ ಕೊಚ್ಚಿಹೋಯಿತು. "ನಾನು ಸುಳ್ಳು ಹೇಳ್ತಿಲ್ಲಪ್ಪಾ! ಈ ಯಜಮಾನರ ತಾಯೇ ನನ್ನ ಕೈಲಿ ಹೇಳಿದ್ರು, ಕಣ್ಣೀರು ಹಾಕ್ಕೊಂಡು ಹೇಳಿದ್ರು. ನಾಲ್ಕೂ ಅರಿಗಿದೆ, ಯಾರಿಗೂ ಹೇಳ್ಬೇಡಿ ಅಂತ!"

ಈಗ ಅಮರನಾಥನ ಮುಖ ಕೆಂಪಾಯಿತು. "ಅಮ್ಮಾ!" ಎಂದು ಕೂಗಿದ ಕೂಗಿಗೆ ಭಾರತಮ್ಮ ಸೌಟು ಹಿಡಿದುಕೊಂಡೇ ಬಂದಳು. "ನಾಲುಗೂ ಅರಿಗಿನಾಯಿ ಅನಿ ಚೆಪ್ಪಿನಾವಾ? ಏಮಿ ಅರಿಗಿನಾಯಿ?" ನಾಲ್ಕೂ ಅರಿಗಿವೆ ಅಂದೆಯಾ, ಏನು ಅರಿಗಿವೆ ಎಂದು ಮಗ ಕೇಳಿದ.

ಭಾರತಮ್ಮ ಮಗನನ್ನು ನೋಡಿದಳು, ಗಂಗುಲಪ್ಪನನ್ನು ನೋಡಿದಳು, ಮೇಲಕ್ಕೆತ್ತಿದ ಕಾರನ್ನು ನೋಡಿದಳು.

"ಒಬ್ಬಟ್ಲುರಾ!" ಎಂದಳು.

ವಿಷಯ ಹೀಗಿತ್ತು. ಅಮರನಾಥನ ಹೊಟ್ಟೆ ಒಂದು ವರ್ಷದಿಂದ ಕೆಟ್ಟಿತ್ತು. ಕಾರಿನ ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದರಿಂದಲೇ ಮಾರಾಟಕ್ಕಿಟ್ಟಿದ್ದು. ವರ್ಷವಿಡೀ ಗಂಜಿ ಕುಡಿದ ಮಗ ಹಿಂದಿನ ದಿನ ಸಂಜೆ ನಾಲ್ಕು ಒಬ್ಬಟ್ಟು ತಿಂದಿದ್ದ. ನಾಲ್ಕೂ ಅರಿಗಿದ್ದವು. ಅಂದರೆ ಅರಗಿದ್ದವು. ತೆಲುಗಿನಲ್ಲಿ ಬ್ರೇಕು ಸವೆದರೂ ಅರಿಗಿತು, ಉಂಡದ್ದು ಜೀರ್ಣವಾದರೂ ಅರಿಗಿತು. ದಿಷ್ಟಿ ತಗುಲೀತೆಂದು ತಾಯಿ ಯಾರಿಗೂ ಹೇಳಬೇಡಿ ಎಂದಿದ್ದಳು. ಕಣ್ಣಿನಲ್ಲಿ ಬಂದದ್ದು ಸಂತೋಷದ ನೀರು.

"ಇಷ್ಟು ಜನರ ಮುಂದೆ ಆಡಿಬಿಟ್ರಲ್ಲ ನಾಯನಾ! ಇನ್ನು ಅವನಿಗೆ ನೀರೂ ಅರಗಲ್ಲ" ಎಂದು ಭಾರತಮ್ಮ ಒಣಮೆಣಸಿನಕಾಯಿ ಉಪ್ಪು ತರಲು ಓಡಿದಳು. ರಜನಿ ಮಾವಿನ ಬುಟ್ಟಿ ಹಿಡಿದುಕೊಂಡು ನೆಲಕ್ಕೇ ಕುಸಿದಳು. "ಕಾರಿಗೆ ನಾಲ್ಕು ಒಬ್ಬಟ್ಟು ಹಾಕಿ ಓಡ್ಸಿ ಸಾಮಿ!"

ಗಂಗುಲಪ್ಪ ಮುಂದಿನ ಎಡಗಡೆಯ ಡಿಸ್ಕಿನ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಅವನ ದನಿಯಲ್ಲಿ ಈಗ ಯಾವ ಬಿಗಿಯೂ ಇರಲಿಲ್ಲ.

"ಕದಿರೇಶಾ, ನಾನು ಅಲ್ಲಿ ಗೇಟಲ್ಲಿದ್ದೋನು ಕಣಪ್ಪ. ಲಾರಿ ನಂಬರ್ ಬರ್ಕೊಳ್ತಿದ್ದೆ. ಬ್ರೇಕ್ ಬಗ್ಗೆ ನನಗೇನೂ ಗೊತ್ತಿಲ್ಲ. ನೀನು ಮಾವ ಅಂದೆ ನೋಡು, ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

ನಗು ನಿಂತಿತು.

ಏಳಬೇಕೆಂದು ಗಂಗುಲಪ್ಪ ಡಿಸ್ಕಿನ ಮೇಲೆ ಕೈಯೂರಿದ. ಏಳಲಿಲ್ಲ. ಹೆಬ್ಬೆರಳು ಡಿಸ್ಕಿನ ಮುಖದ ಮೇಲಿಂದ ಹೊರಗಿನ ಅಂಚಿಗೆ ಜಾರಿ ಅಲ್ಲೇ ತಡೆದು ನಿಂತಿತ್ತು. ಅವನು ಬೆರಳನ್ನು ಹಿಂದಕ್ಕೆ ತಂದು ಮತ್ತೆ ಜಾರಿಸಿದ. ಮತ್ತೆ ತಡೆಯಿತು.

"ಇದು ಸಾಣೆಕಲ್ಲಿನಂಗಿದೆ" ಎಂದ, ತನಗೆ ತಾನೇ.

"ಏನು?" ಎಂದ ಅಮರನಾಥ್.

"ನಮ್ಮೂರ ಆಂಜನೇಯನಿಗೆ ಶನಿವಾರ ಶನಿವಾರ ಗಂಧ ತೇಯೋದು ನಾನೇ ಸಾಮಿ, ನಮ್ಮಪ್ಪ ಹೋದಾಗಿನಿಂದ. ಮೂವತ್ತು ವರ್ಷ ತೇಯ್ದ ಕಲ್ಲು ನಡುವೆ ತಗ್ಗಾಗಿ ಸುತ್ತ ಅಂಚು ನಿಂತ್ಕೊಳ್ತದೆ. ಕಣ್ಣಿಗೆ ಕಾಣಲ್ಲ, ಬೆರಳಿಗೆ ಸಿಗ್ತದೆ. ಇಲ್ಲಿ ನೋಡಿ. ಇದು ಹಂಗೇ ನಿಂತಿದೆ."

ಕದಿರೇಶ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಬೆರಳನ್ನು ಜಾರಿಸಿದ. ಅವನ ಹುಬ್ಬು ಮೇಲೇರಿತು. ಗಂಗುಲಪ್ಪನ ಫೋನಿನಿಂದಲೇ ಚಂದ್ರುವಿಗೆ ವೀಡಿಯೋ ಕಾಲ್ ಹೋಯಿತು. ಚಂದ್ರು ಗ್ರೀಸು ಮೆತ್ತಿದ ಮುಖದಿಂದ ಡಿಸ್ಕನ್ನು ದಿಟ್ಟಿಸಿದ.

"ಅಣ್ಣಾ, ಉಗುರು ಅಡ್ಡ ಎಳೀರಿ. ಅಂಚಲ್ಲಿ ನಿಲ್ತದಾ?"

"ನಿಲ್ತದೆ."

"ಚೆನ್ನಾಗಿ ನಿಲ್ತದಾ, ಸುಮ್ನೆ ತಾಕ್ತದಾ?"

"ಗೋಡೆಗೆ ತಾಕ್ದಂಗೆ ನಿಲ್ತದೆ ಕಣೋ."

"ಅದೇ ಅಣ್ಣಾ ತುಟಿ! ಡಿಸ್ಕ್ ಅರಿಗಿದೆ. ಅರಿಗಿರೋ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿ ಕಳಿಸವ್ರೆ. ಮೆತ್ತಗೆ ಓಡಿಸಿದ್ರೆ ಗೊತ್ತಾಗಲ್ಲ, ಜೋರಲ್ಲಿ ಬ್ರೇಕ್ ಹೊಡೆದ್ರೆ ಕೈ ಕೊಡ್ತದೆ. ನಿಮ್ಮ ಸ್ನೇಹಿತರಿಗೆ ಹೇಳಿ, ಡಿಸ್ಕ್ ಬದಲಾಯಿಸ್ದೆ ತಗೋಬೇಡಿ ಅಂತ."

"ಹೇಳ್ತೀನಿ" ಎಂದ ಗಂಗುಲಪ್ಪ.

ಕದಿರೇಶ್ ಎದ್ದು ಕಾರಿನ ಹಿಂದಕ್ಕೆ ಹೋಗಿ ಒಂದು ಗೋಣಿತಾಟು ಹಾಸಿದ. "ಮಾವಾ, ಹಿಂದಿನ ಎರಡೂ ಮುಟ್ಟಿ ನೋಡಿ. ನನ್ನ ಬೆರಳಿಗೆ ಅಷ್ಟು ತಿಳಿಯಲ್ಲ."

ಗಂಗುಲಪ್ಪ ಕಣ್ಣು ಮುಚ್ಚಿಕೊಂಡು ಮುಟ್ಟಿದ. ಹಿಂದಿನ ಎರಡು ಚೆನ್ನಾಗಿದ್ದವು. ಮುಂದಿನ ಬಲಗಡೆಯದೂ ಎಡಗಡೆಯದರಂತೆ ತೇಯ್ದಿತ್ತು.

ಅಮರನಾಥ್ ತಾನೂ ಬೆರಳಿಟ್ಟು ನೋಡಿದ. "ನನಗೆ ಗೊತ್ತಿರ್ಲಿಲ್ಲ ಸಾಮಿ, ಈ ಹಣ್ಣುಗಳ ಮೇಲಾಣೆ. ಸರ್ವಿಸಿನೋರು ಎಲ್ಲಾ ಹೊಸದು ಅಂದ್ರು, ನಾನು ನಂಬಿದೆ. ಮೇಲೆ ಬಣ್ಣ ಇದ್ದು ಒಳಗೆ ಕೊಳೆತಿರೋ ಮಾಲು ಈ ಶೆಡ್ಡಿಂದ ಇದುವರೆಗೂ ಹೋಗಿಲ್ಲ. ಮುಂದಿನ ಎರಡೂ ಹೊಸದು ಹಾಕ್ಸಿ ಕೊಡ್ತೀನಿ. ಆಮೇಲೇ ನೀವು ಅಡ್ವಾನ್ಸ್ ಕೊಡಿ."

ಎರಡು ಡಿಸ್ಕಿನ ಬೆಲೆಗೆ ಎರಡು ಸೀಮೆಹಸು ಬರುತ್ತವೆ ಎಂದು ಚಂದ್ರು ಫೋನಿನಿಂದ ಕೂಗಿದ. ಅಮರನಾಥ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಅಷ್ಟರಲ್ಲಿ ಮೆಣಸಿನಕಾಯಿ ಹಿಡಿದು ಬಂದ ಭಾರತಮ್ಮ ಮೊದಲು ಮಗನಿಗೆ ನಿವಾಳಿಸಿ, ಆಮೇಲೆ ಏನನ್ನಿಸಿತೋ, ಗಂಗುಲಪ್ಪನ ಬಲಗೈ ಹೆಬ್ಬೆರಳಿಗೂ ಮೂರು ಸುತ್ತು ನಿವಾಳಿಸಿದಳು.

ಹೊಸ ಡಿಸ್ಕು ಬರುವುದಕ್ಕೆ ಐದು ವಾರ ಹಿಡಿಯಿತು. ಆಷಾಢಕ್ಕೆ ಮುಂಚಿನ ಒಂದು ಶುಕ್ರವಾರ ಕೆಂಪು ಕಾರು ವಕ್ಕಲೇರಿಗೆ ಬಂದಿತು. ಡೈರಿಯ ಮುಂದೆ ಹಾಲು ಅಳೆಯುವುದು ಅರ್ಧ ಗಂಟೆ ನಿಂತುಹೋಯಿತು. ಚನ್ನರಾಯಪ್ಪ ಬಗ್ಗಿ ಕಾರಿನ ಹಲ್ಲು ನೋಡಿದ. ಕದಿರೇಶ್ ಮೊದಲ ಪೂಜೆ ಕುರುಡುಮಲೆ ಗಣಪತಿಗೇ ಆಗಬೇಕೆಂದು ಹರಕೆ ಹೊತ್ತಿದ್ದ. ಶಾಮಲಮ್ಮ ಕಾಯಿ, ಹೂವು, ನಿಂಬೆಹಣ್ಣು ಎಲ್ಲ ಕಟ್ಟಿಕೊಂಡು ಬಂದು ಬಾಗಿಲು ತೆಗೆದು ನೋಡಿ ಹೌಹಾರಿದಳು.

"ಇದೇನಪ್ಪ, ಎರಡೇ ಸೀಟು?"

"ಹೂಂ ಅತ್ತೆ. ಇಂಥ ಕಾರೆಲ್ಲ ಹಂಗೇ."

ಎಲ್ಲರೂ ಗಂಗಾಲಕ್ಷ್ಮಿಯ ಕಡೆ ನೋಡಿದರು. ಹೊಸ ಗಾಡಿಯಲ್ಲಿ ಗಂಡನ ಪಕ್ಕ ಹೆಂಡತಿ ಕೂರುವುದು ನ್ಯಾಯ. ಗಂಗಾಲಕ್ಷ್ಮಿ ಸೀಟನ್ನು ನೋಡಿದಳು, ತಂದೆಯನ್ನು ನೋಡಿದಳು. "ನಂಗೆ ಇಷ್ಟು ಕೆಳಗೆ ಕೂತ್ರೆ ತಲೆ ಸುತ್ತುತ್ತಪ್ಪ. ನಾನೂ ಅಮ್ಮ ಬಸ್ಸಲ್ಲಿ ಬರ್ತೀವಿ, ನೀನು ಹೋಗು" ಎಂದಳು.

ಅಂಜಮ್ಮ ಮತ್ತು ಚನ್ನರಾಯಪ್ಪ ಎರಡು ಕಡೆಯಿಂದ ಹಿಡಿದು ಗಂಗುಲಪ್ಪನನ್ನು ಒಳಗೆ ಇಳಿಸಿದರು. ಕಾರು ಗುಡುಗಿತು. ಊರು ಚಪ್ಪಾಳೆ ತಟ್ಟಿತು. ಮುನ್ನೂರು ಕಿಲೋಮೀಟರ್ ಓಡಬಲ್ಲ ಆ ಕಾರು ಇನ್ನೂರು ಅಡಿ ಓಡಿ ಶಾಲೆಯ ಮುಂದಿನ ರೋಡ್ ಹಂಪಿನ ಬಳಿ ನಿಂತಿತು. ಕೊರಳು ಚಾಚಿ ನೋಡಿದರೆ ಕಾರಿನ ಹೊಟ್ಟೆಗೂ ಹಂಪಿಗೂ ನಡುವೆ ಒಂದು ಬೆರಳಿನ ಜಾಗವಿಲ್ಲ.

"ಇಳೀಬೇಕೇನಪ್ಪ?"

"ಸ್ವಲ್ಪ ಭಾರ ಕಮ್ಮಿಯಾದ್ರೆ ತಾಕಲ್ಲ ಅನ್ಸುತ್ತೆ."

ಗಂಗುಲಪ್ಪ ಇಳಿದ, ಹಂಪು ದಾಟಿದ, ಕಾರು ಓರೆಯಾಗಿ ಹಾವಿನಂತೆ ತೆವಳಿ ದಾಟಿತು, ಅವನು ಹತ್ತಿದ. ಹೆದ್ದಾರಿಯಲ್ಲಿ ಗಾಳಿಯಂತೆ ಹೋದರು. ಒಮ್ಮೆ ಅಡ್ಡ ಬಂದ ಕುರಿಮಂದೆಯ ಮುಂದೆ ಕದಿರೇಶ್ ಬ್ರೇಕ್ ಒತ್ತಿದಾಗ ಕಾರು ತುಂಬಿದ ಕೊಡ ಇಳಿಸಿದಷ್ಟು ಮೆತ್ತಗೆ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುರಿಗಳು ನಿಧಾನವಾಗಿ ದಾಟಿದವು. ಗಂಗುಲಪ್ಪ ಕಣ್ಣು ಮುಚ್ಚಿ ಕೈಮುಗಿದ.

ಮುಳಬಾಗಿಲು ದಾಟಿ ಕುರುಡುಮಲೆಯ ದಾರಿಗೆ ತಿರುಗಿದ ಮೇಲೆ ಮತ್ತೆ ಹಂಪುಗಳು. ಪ್ರತಿಯೊಂದು ಹಟ್ಟಿಯ ಮುಂದೆಯೂ ಒಂದೊಂದು. ಐದನೆಯ ಹಂಪಿನ ಬಳಿ ಇಳಿದು ನಿಂತಿದ್ದಾಗ ಹಿಂದಿನಿಂದ ಬಂದ ಬಸ್ಸು ಹಾರ್ನ್ ಹಾಕಿ ಪಕ್ಕದಲ್ಲೇ ದಾಟಿಕೊಂಡು ಹೋಯಿತು. ಕಿಟಕಿಯಲ್ಲಿ ಶಾಮಲಮ್ಮನ ಮುಖ ಕಂಡಿತು.

"ಏನ್ರೀ! ನಡ್ಕೊಂಡೇ ಬರ್ತಿದೀರಾ?"

"ನೀವು ಹೋಗಿ ಲೈನಲ್ಲಿ ನಿಂತಿರೇ!" ಎಂದು ಗಂಗುಲಪ್ಪ ಸಂಭ್ರಮದಿಂದ ಕೈಬೀಸಿದ.

ಕಾರು ಹಂಪಿನ ಮೇಲೆ ತೆವಳಿ ಈ ಕಡೆ ಇಳಿಯಿತು. ಕದಿರೇಶ್ ಒಳಗಿನಿಂದ ಬಗ್ಗಿ ಬಾಗಿಲು ತೆಗೆದು, ಸೀಟಿನ ಮೇಲಿನ ಧೂಳನ್ನು ಕೈಯಿಂದಲೇ ಒರೆಸಿದ.

"ಬನ್ನಿ ಮಾವ, ಮುಂದಿನ ಹಂಪ್ ತನಕ ಆರಾಮಾಗಿ ಕೂತ್ಕೊಳ್ಳಿ."